ಪ್ಯಾನೆಲ್ ಕೆಳಗೆ ಕಟ್ಟಿದ ದಾರ

ಸೋಮವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಕೈಯಲ್ಲಿ ಒಂದೇ ಒಂದು ಚಪ್ಪಲಿ ಇತ್ತು. ಗಂಡಸಿನದು, ಬಲಗಾಲಿನದು.

"ಇನ್ನೊಂದು ಎಲ್ಲಮ್ಮಾ?" ಎಂದು ಠಾಣೆಯ ರೈಟರ್ ಕೇಳಿದ. ಹೆಡ್ ಕಾನ್‌ಸ್ಟೆಬಲ್ ಆದರೂ ಬರವಣಿಗೆ ಕೆಲಸವೆಲ್ಲ ಅವನದೇ ಆದ್ದರಿಂದ ಅವನಿಗೆ ಆ ಹೆಸರೇ ನಿಂತಿತ್ತು.

"ಅದು ಅವರ ಕಾಲಲ್ಲೇ ಇದೆ. ಇದನ್ನ ಇನ್ನು ಯಾವಾಗ ಮೆಟ್ಟುತ್ತಾರೋ, ಆ ಫ್ಯಾಕ್ಟರಿಯವರನ್ನ ಕೇಳಿ ಹೇಳಿ," ಎಂದು ಅವಳು ಚಪ್ಪಲಿಯನ್ನು ಮೇಜಿನ ಮೇಲಿಟ್ಟಳು.

ಇನ್ಸ್‌ಪೆಕ್ಟರ್ ಒಳಗಿನ ಕೋಣೆಯಿಂದ ಎದ್ದು ಬಂದಳು. ಎದ್ದು ಬಂದಳು ಎನ್ನುವುದೂ ಅಷ್ಟು ಸರಿಯಲ್ಲ, ಅವಳು ಕೂತಿದ್ದರೆ ತಾನೆ. ಈ ಠಾಣೆಗೆ ವರ್ಗವಾಗಿ ಬಂದಂದಿನಿಂದ ಅವಳ ಕುರ್ಚಿಯ ದಿಂಬು ಹೊಸದಾಗಿಯೇ ಉಳಿದಿತ್ತು. ನಿಂತೇ ಓದುತ್ತಿದ್ದಳು, ನಿಂತೇ ಸಹಿ ಹಾಕುತ್ತಿದ್ದಳು. ಒಳಗೆ ಏನೋ ಒಂದು ಸದಾ ಅವಳನ್ನು ಎಬ್ಬಿಸಿ ಓಡಾಡಿಸುತ್ತಿತ್ತು.

ಹೆಂಗಸಿನ ಗಂಡ ಪ್ಯಾನೆಲ್ ಫ್ಯಾಕ್ಟರಿಯ ಪರೀಕ್ಷಾ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ತಯಾರಾದ ಪ್ಯಾನೆಲ್ ಮೇಲೆ ಮರಳಿನ ಚೀಲ ಪೇರಿಸಿ ಅದು ಎಷ್ಟು ತೂಕ ತಡೆಯುತ್ತದೆ ಎಂದು ನೋಡುವ ಕೆಲಸ. ಎಲ್ಲರೂ ಅವನನ್ನು ತೂಕದಣ್ಣ ಎನ್ನುತ್ತಿದ್ದರು. ಶನಿವಾರ ಮಧ್ಯಾಹ್ನ ಹಾಗೆ ಪೇರಿಸಿದ್ದ ಪ್ಯಾನೆಲ್ ಮುರಿದು, ಚೀಲಗಳ ಸಮೇತ ಅವನ ಬಲಗಾಲಿನ ಮೇಲೆ ಬಿದ್ದಿತ್ತು.

ನಿರ್ಲಕ್ಷ್ಯದ ಆರೋಪದ ಮೇಲೆ ಫ್ಯಾಕ್ಟರಿಯ ಆಡಳಿತದ ವಿರುದ್ಧ ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು.

"ಚಪ್ಪಲಿ ಜಪ್ತಿ ಮಾಡ್ಲಾ ಮೇಡಂ?" ರೈಟರ್ ಮೆಲ್ಲಗೆ ಕೇಳಿದ.

"ಬೇಡ. ಅವರಿಗೇ ಕೊಡಿ. ಜೀಪ್ ತೆಗೆಸಿ."

ಫ್ಯಾಕ್ಟರಿ ಊರಿನ ಅಂಚಿನಲ್ಲಿತ್ತು. ಮಾಲೀಕ ಗೇಟಿನವರೆಗೂ ಬಂದು ಸ್ವಾಗತಿಸಿದ. ಮಾತಿನಲ್ಲಿ ಬೆಣ್ಣೆ, ಕಣ್ಣು ಮಾತ್ರ ಗೋಡೆ ಗಡಿಯಾರದ ಮೇಲೆ.

"ದೊಡ್ಡಾಸ್ಪತ್ರೆಯ ತಾರಸಿ ಮೇಲೆ ಹೊಸ ವಾರ್ಡ್ ಬರ್ತಿದೆ ಮೇಡಂ. ಹಳೇ ಕಟ್ಟಡ, ಕಾಂಕ್ರೀಟ್ ಹಾಕಿದ್ರೆ ಕೂತೇ ಹೋಗುತ್ತೆ. ಅದಕ್ಕೇ ನೆಲಕ್ಕೆ ನಮ್ಮ ಸ್ಯಾಂಡ್‌ವಿಚ್ ಪ್ಯಾನೆಲ್. ಹೂವಿನಷ್ಟು ಹಗುರ, ಆದ್ರೆ ಆನೆ ನಿಲ್ಲಿಸಿ ಬೇಕಾದ್ರೆ."

"ಶನಿವಾರ ಆನೆ ನಿಂತಿತ್ತಾ?"

ಮಾಲೀಕನ ನಗು ಅರ್ಧಕ್ಕೆ ನಿಂತಿತು. "ಅದು ಅಂಟಿನ ಮೇಸ್ತ್ರಿ ಕೈತಪ್ಪು ಮೇಡಂ. ನೀವೇ ನೋಡಿ."

ಪಕ್ಕದ ಮುದ್ರಣಾಲಯದಿಂದ ಇಬ್ಬರನ್ನು ಪಂಚರಾಗಿ ಕರೆಸಿ, ಹನ್ನೆರಡೂವರೆಗೆ ಪಂಚನಾಮೆ ಶುರುವಾಯಿತು. ಮುರಿದ ಪ್ಯಾನೆಲ್ ಬಾಗಿಲಿನಷ್ಟು ಉದ್ದವಿತ್ತು. ಮೇಲೊಂದು, ಕೆಳಗೊಂದು ತೆಳುವಾದ ಅಲ್ಯೂಮಿನಿಯಂ ತಗಡು, ನಡುವೆ ನಾಲ್ಕು ಬೆರಳು ದಪ್ಪದ ಫೋಮು. ಮೇಲಿನ ತಗಡು ಸರಿಯಾಗಿ ನಡುವಿನಲ್ಲಿ ಸುಟ್ಟ ಬೊಬ್ಬೆಯ ಹಾಗೆ ಎದ್ದು ಮಡಿಸಿಕೊಂಡಿತ್ತು.

ಅಂಟಿನ ಮೇಸ್ತ್ರಿ ಕೈ ಕಟ್ಟಿಕೊಂಡು ದೂರ ನಿಂತಿದ್ದ. ಇನ್ಸ್‌ಪೆಕ್ಟರ್ ಅವನನ್ನು ಹತ್ತಿರ ಕರೆದಳು.

"ಇದು ಹೇಗೆ ಕೆಲಸ ಮಾಡುತ್ತೆ? ನನಗೆ ತಿಳಿಯೋ ಹಾಗೆ ಹೇಳಿ."

"ಮೇಲಿನ ತಗಡು ಅತ್ತೆ, ಕೆಳಗಿಂದು ಸೊಸೆ ಅಂದ್ಕೊಳ್ಳಿ ಮೇಡಂ. ಭಾರ ಎಲ್ಲಾ ಹೊರೋದು ಅವರಿಬ್ಬರೇ. ಫೋಮು ನಡುವಿನ ಮಗ. ಮೆತ್ತಗೆ. ಆದ್ರೆ ಇಬ್ಬರನ್ನೂ ಅಷ್ಟಷ್ಟೇ ದೂರ ಇಟ್ಟು, ಕೈಬಿಡದ ಹಾಗೆ ಹಿಡ್ಕೊಂಡಿರ್ಬೇಕು. ಹಿಡಿತ ಬಿಟ್ಟ ಅಂದ್ರೆ ಮನೆ ಮುರೀತು."

ಪಂಚರಲ್ಲಿ ಒಬ್ಬ ಕಿಸಕ್ಕನೆ ನಕ್ಕು, ಪೊಲೀಸರ ಮುಖ ನೋಡಿ ಸುಮ್ಮನಾದ.

"ಹಿಡಿತ ಯಾವುದರದು?"

"ಅಂಟಿಂದು. ಸುರುಳಿಯಲ್ಲಿ ಬರುತ್ತೆ, ಹಾಳೆ ಥರ. ಅದರ ಬೆನ್ನಿಗೆ ನೀಲಿ ಪ್ಲಾಸ್ಟಿಕ್ ಇರುತ್ತೆ. ಅದನ್ನ ಕಿತ್ತು ಇಟ್ಟು, ಬಿಸಿ ಪ್ರೆಸ್ಸಿಗೆ ಹಾಕ್ಬೇಕು. ನೀಲಿ ಕೀಳೋದು ಮರೆತ್ರೆ ಅಂಟು ಪ್ಲಾಸ್ಟಿಕ್ಕಿಗೆ ಹಿಡಿಯುತ್ತೆ, ತಗಡಿಗೆ ಹಿಡಿಯಲ್ಲ. ಈ ಕಸುಬಿಗೆ ಬಂದೋರೆಲ್ಲ ಒಂದ್ಸಲ ಆ ತಪ್ಪು ಮಾಡೇ ಮಾಡ್ತಾರೆ. ಕಣ್ಣಿಗೆ ಬೀಳ್ಲಿ ಅಂತಲೇ ಅದಕ್ಕೆ ಆ ಬಣ್ಣ."

ಇನ್ಸ್‌ಪೆಕ್ಟರ್ ಎದ್ದ ತಗಡನ್ನು ಲಾಠಿಯ ತುದಿಯಿಂದ ಎತ್ತಿದಳು. ಒಳಗೆ ನೀಲಿ ಇತ್ತು. ಮಾಲೀಕ "ಹೇಳಿದ್ನಲ್ಲ!" ಎಂದ.

ಅವಳು ಬಗ್ಗಿ ಇನ್ನೂ ಹತ್ತಿರದಿಂದ ನೋಡಿದಳು. ಮರೆತು ಬಿಟ್ಟಿದ್ದರೆ ನೀಲಿ ಹಾಳೆ ಪ್ಯಾನೆಲ್ಲಿನ ಉದ್ದಕ್ಕೂ ಇರಬೇಕಿತ್ತು. ಇಲ್ಲಿ ಇದ್ದದ್ದು ಒಂದು ತುಂಡು. ನಾಲ್ಕೂ ಮೂಲೆ ನೇರ, ಅಂಚು ಕತ್ತರಿಯದು. ಅದೂ ಎಲ್ಲೋ ಅಲ್ಲ, ಸರಿಯಾಗಿ ನಟ್ಟನಡುವೆ.

"ಮೇಸ್ತ್ರಿ, ಮುರಿಯಲೇಬೇಕು ಅಂತಿದ್ರೆ ನೀವು ಇದನ್ನ ಎಲ್ಲಿ ಇಡ್ತಿದ್ರಿ?"

ಮೇಸ್ತ್ರಿಯ ಕಣ್ಣು ನಡುವಿಗೇ ಹೋಯಿತು, ಹೋದದ್ದನ್ನು ಅವಳು ನೋಡಿದಳು.

"ಪ್ರೆಸ್ಸಿಂದ ತೆಗೆದ ಮೇಲೆ ಯಾರೂ ಪರೀಕ್ಷೆ ಮಾಡಲ್ವಾ?"

ಮೇಸ್ತ್ರಿ ಜೇಬಿನಿಂದ ಸವೆದ ನಾಣ್ಯವೊಂದನ್ನು ತೆಗೆದು, ಗೋಡೆಗೆ ಒರಗಿಸಿದ್ದ ಬೇರೊಂದು ಪ್ಯಾನೆಲ್ಲನ್ನು ತಟ್ಟುತ್ತ ಹೋದ. ಟಣ್ ಟಣ್ ಟಣ್. ಆಮೇಲೆ ಮುರಿದದ್ದರ ಬೊಬ್ಬೆಯ ಅಂಚಿನಲ್ಲಿ ತಟ್ಟಿದ. ಡಬ್. ಮುದ್ರಣಾಲಯದವರಿಗೂ ವ್ಯತ್ಯಾಸ ಕೇಳಿಸಿತು.

"ಇದನ್ನ ತಟ್ಟಿದ್ದು ಯಾರು?"

"ಪುಟ್ಟಕ್ಕ," ಎಂದ ಮೇಸ್ತ್ರಿ. ನಾಲಿಗೆಗೆ ಬಂದದ್ದು ಬಾಯಿಂದ ಆಚೆ ಹೋಯಿತಲ್ಲ ಎಂಬಂತೆ ಬೇಗನೆ ಸೇರಿಸಿದ: "ಡಿಸೈನ್ ಎಂಜಿನಿಯರ್. ಒಂದೊಂದ್ಸಲ ಅವರೇ ತಟ್ಕೋತಾರೆ. ಪಾಪ, ಮಾತೇ ಆಡದ ಹುಡುಗಿ ಮೇಡಂ. ಗದ್ದಲದಲ್ಲಿ ಕೇಳಿಸಿರಲ್ಲ."

ಶನಿವಾರ ಪ್ಯಾನೆಲ್ ಮುರಿದ ಮೇಲೆ ಪುಟ್ಟಕ್ಕ ಕೆಲಸಕ್ಕೆ ಬಂದಿರಲಿಲ್ಲ.

ಮುರಿದ ಪ್ಯಾನೆಲ್, ನೀಲಿ ತುಂಡು, ಹೋಲಿಸಲು ಅದೇ ಬ್ಯಾಚಿನ ಒಂದು ಒಳ್ಳೆಯ ಪ್ಯಾನೆಲ್, ಮೂರನ್ನೂ ಜಪ್ತಿ ಮಾಡಿ ಪಂಚನಾಮೆ ಮುಗಿಸಿದಾಗ ಎರಡು ಗಂಟೆ. ಜೀಪಿನಲ್ಲಿ ಇನ್ಸ್‌ಪೆಕ್ಟರ್ ತನ್ನ ಪರ್ಸಿನಿಂದ ಒಂದು ನಾಣ್ಯ ತೆಗೆದು ಡ್ಯಾಶ್‌ಬೋರ್ಡ್ ತಟ್ಟಿದಳು, ಬಾಗಿಲು ತಟ್ಟಿದಳು, ಕಿಟಕಿ ತಟ್ಟಿದಳು.

"ಮೇಡಂ, ಇದೊಳ್ಳೇದು," ಎಂದ ರೈಟರ್. "ಇನ್ನು ಆರೋಪಿಗಳ ತಲೆ ತಟ್ಟಿದ್ರಾಯ್ತು. ಡಬ್ ಅಂದೋರನ್ನ ಒಳಗೆ ಹಾಕೋದು."

"ನಿಮ್ಮಿಂದಲೇ ಶುರು ಮಾಡೋಣ, ಬಗ್ಗಿ."

ತೂಕದಣ್ಣ ಆಸ್ಪತ್ರೆಯ ಮಂಚದಲ್ಲಿ ಕಾಲನ್ನು ತೂಗುಹಾಕಿಸಿಕೊಂಡು ಮಲಗಿದ್ದ. ಹೆಂಡತಿ ಪಕ್ಕದಲ್ಲಿದ್ದಳು. ಚಪ್ಪಲಿ ಮಂಚದ ಕೆಳಗೆ ಸೇರಿತ್ತು.

"ಪರೀಕ್ಷೆ ಹೊತ್ತಲ್ಲಿ ಕೆಳಗೆ ಯಾಕೆ ಹೋದ್ರಿ?"

"ಕೆಳಗೆ ಒಂದು ಡಯಲ್ ಇಟ್ಟಿರ್ತೀವಿ ಮೇಡಂ. ಪ್ಯಾನೆಲ್ ಎಷ್ಟು ಬಗ್ತು ಅಂತ ಅದರ ಮುಳ್ಳು ತೋರಿಸುತ್ತೆ. ಅದು ಜಾರಿಬಿಟ್ಟಿತ್ತು. ರೀಡಿಂಗ್ ತಪ್ಪಿದ್ರೆ ಧಣಿ ಪುಟ್ಟಕ್ಕನ ಮೇಲೆ ಹಾರಾಡ್ತಾರೆ. ಸರಿ ಮಾಡೋಣ ಅಂತ ನುಸುಳಿದೆ."

"ಬಂದುಬಿಟ್ಳು ನಿಮ್ಮ ಪುಟ್ಟಕ್ಕ ನೋಡೋಕೆ," ಎಂದಳು ಹೆಂಡತಿ. "ಒಂದು ಹಣ್ಣಾದ್ರೂ ಕಳಿಸಿದ್ಲಾ?"

"ಲೇ, ಸುಮ್ನಿರೇ. ಅವಳದೇನೂ ತಪ್ಪಿಲ್ಲ ಮೇಡಂ, ಬರ್ಕೊಳ್ಳಿ. ಅವಳು ಯಾರೂ ಹತ್ರ ಹೋಗಬಾರದು ಅಂತ ಸುತ್ತ ಹಗ್ಗ ಕಟ್ಟಿದ್ಲು. ತಾನೇ ಕೈಯಾರೆ ಕಟ್ಟಿದ್ಲು. ನಾನೇ ಹೆಡ್ಡ, ಅವಳು ಅತ್ತ ತಿರುಗಿದಾಗ ಅದರ ಕೆಳಗೆ ತೂರಿದೆ. ಅವಳು ಕಿರುಚಿದ್ದು ಈಗಲೂ ಕಿವೀಲಿದೆ. ಆ ಹುಡುಗಿಗೆ ಅಷ್ಟು ದೊಡ್ಡ ಗಂಟಲಿದೆ ಅಂತ ಅವತ್ತೇ ಗೊತ್ತಾಗಿದ್ದು."

ಇನ್ಸ್‌ಪೆಕ್ಟರ್ ಮಂಚದ ಕಂಬಿಗೆ ನಾಣ್ಯ ತಟ್ಟುತ್ತಿದ್ದವಳು ನಿಲ್ಲಿಸಿದಳು.

"ಯಾವಾಗಲೂ ಹಗ್ಗ ಕಟ್ತೀರಾ?"

"ಇಲ್ಲ ಮೇಡಂ. ಅವತ್ತೇ ಮೊದಲು."

ಹೊರಗೆ ಬಂದ ಮೇಲೆ ರೈಟರ್ ಏನೋ ಹೇಳಲು ಹೋದ. ಅವಳು ಕೈ ಎತ್ತಿದಳು. ಮುರಿಯುತ್ತದೆ ಎಂದು ಗೊತ್ತಿಲ್ಲದವರು ಹಗ್ಗ ಏಕೆ ಕಟ್ಟುತ್ತಾರೆ? ಎಲ್ಲ ಸುಲಭವಾಗಿ ಕೈಗೆ ಸಿಕ್ಕಿತ್ತು. ಆದರೂ ಒಳಗಿನ ಚಡಪಡಿಕೆ ಇಳಿಯಲಿಲ್ಲ. ಕೆಡುಕು ಬಯಸಿದವಳಾಗಿದ್ದರೆ ಹಗ್ಗ ಕಟ್ಟುವ ಅಗತ್ಯವೇ ಇರಲಿಲ್ಲವಲ್ಲ.

ಪುಟ್ಟಕ್ಕನ ಮನೆ ಶೀಟಿನ ಸೂರಿನದು. ಸಂಜೆ ಐದಾದರೂ ಒಳಗೆ ಒಲೆಯಂತೆ ಕಾಯುತ್ತಿತ್ತು. ಬಾಗಿಲು ತೆಗೆದ ತಾಯಿ ಪೊಲೀಸರನ್ನು ಕಂಡು ಗಾಬರಿಯಾಗುವ ಬದಲು, "ಬನ್ನಿ, ನೀವಾದ್ರೂ ಅವಳ ಬಾಯಿ ಬಿಡಿಸಿ. ಎರಡು ದಿನದಿಂದ ಊಟ ಇಲ್ಲ, ಮಾತಿಲ್ಲ," ಎಂದಳು.

ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತೈದರ ಒಳಗಿನ ವಯಸ್ಸು. ಮೂಲೆಯಲ್ಲಿ ತಾಯಿಯ ಹೊಲಿಗೆ ಮಿಷನ್. ಅದರ ಕೆಳಗೆ ಮೇಜಿನ ಬದಲು ಎರಡು ಕಾಲುಗಳ ಮೇಲೆ ಫ್ಯಾಕ್ಟರಿಯದೇ ಒಂದು ತುಂಡು ಪ್ಯಾನೆಲ್.

"ಹಗ್ಗ ಯಾಕೆ ಕಟ್ಟಿದ್ರಿ?" ಇನ್ಸ್‌ಪೆಕ್ಟರ್ ನೇರವಾಗಿ ಕೇಳಿದಳು.

ಹುಡುಗಿ ಎದ್ದು ಹೋಗಿ, ತಾಯಿಯ ದಾರದ ಉಂಡೆಯಿಂದ ಒಂದೆಳೆ ಕಿತ್ತು, ಮಿಷನ್ನಿನ ಕೆಳಗಿನ ಪ್ಯಾನೆಲ್ಲಿನ ಮಗ್ಗುಲಿಗೆ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಹಿಡಿದಳು. ದಾರ ನೇರವಾಗಿತ್ತು. ಪ್ಯಾನೆಲ್ಲಿನ ಹೊಟ್ಟೆ ದಾರಕ್ಕಿಂತ ಒಂದು ಬೆರಳು ಕೆಳಗಿತ್ತು.

"ಹೋದ ಬೇಸಿಗೆಗೆ ಇದು ನೇರ ಇತ್ತು," ಎಂದಳು. ದನಿ ಕೇಳಿಸಲು ರೈಟರ್ ಬಗ್ಗಬೇಕಾಯಿತು. "ಮುರಿದಿಲ್ಲ. ಅಂಟೂ ಬಿಟ್ಟಿಲ್ಲ. ಫೋಮು ಬಿಸಿಗೆ, ಒಂದೇ ಸಮ ಭಾರಕ್ಕೆ, ನಿಧಾನಕ್ಕೆ ಸೋಲ್ತಾ ಹೋಗಿದೆ. ಅದೇ ಫೋಮು ಆ ವಾರ್ಡಿಗೂ. ಹಗುರ ಇರ್ಲಿ ಅಂತ ಆರಿಸಿದ್ದು ನಾನೇ. ನಮ್ಮ ಪರೀಕ್ಷೆ ಒಂದು ಗಂಟೇದು ಮೇಡಂ. ಒಂದು ಗಂಟೆ ಅದು ಆರಾಮಾಗಿ ತಡೆಯುತ್ತೆ. ತಾರಸಿ ಬಿಸಿಲಲ್ಲಿ, ಎತ್ತದ ಮಂಚ, ಕದಲದ ಯಂತ್ರ, ಮೇಲೆ ರೋಗಿಗಳು..."

"ಮಾಲೀಕರಿಗೆ ಹೇಳಲಿಲ್ವಾ?"

"ಮೂರು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದೆ. ನಾಲ್ಕನೇ ಸಲ ಹೇಳ್ದೆ. 'ಲೆಕ್ಕ ಮಾಡಿದ್ದು ನೀನು, ಸಹಿ ಹಾಕಿದ್ದು ನೀನು, ಈಗ ಅಮ್ಮನ ಹೊಲಿಗೆ ಮಿಷನ್ ಕಥೆ ಹೇಳ್ತೀಯಾ' ಅಂತ ನಕ್ರು. ಎಲ್ಲರೂ ನಕ್ರು. ನನಗೆ ಜೋರಾಗಿ ಹೇಳೋಕೆ ಬರಲ್ಲ ಮೇಡಂ. ಎಲ್ಲರ ಎದುರು ಮುರಿದು ಬಿದ್ರೆ ಆರ್ಡರ್ ನಿಲ್ಲಿಸ್ತಾರೆ ಅಂದ್ಕೊಂಡು ಆ ನೀಲಿ ತುಂಡು ಒಳಗಿಟ್ಟೆ." ಅವಳು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ತೂಕದಣ್ಣನ ಕಾಲು..."

"ಉಳಿದಿದೆ. ಮೊದಲಿನ ಹಾಗೆ ನಡೆಯೋದು ಕಷ್ಟ ಅಂತಾರೆ."

ಹುಡುಗಿ ತಾನೇ ಹೋಗಿ ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲಲ್ಲಿ ನಿಂತು ಕೇಳಿದಳು: "ನನ್ನನ್ನ ಹಿಡಿದ್ರೆ, ಪ್ಯಾನೆಲ್‌ದೇನೂ ತಪ್ಪಿಲ್ಲ ಅಂತಾಗಿಬಿಡುತ್ತೆ ಅಲ್ವಾ ಮೇಡಂ?"

ಇನ್ಸ್‌ಪೆಕ್ಟರಿಗೆ ಉತ್ತರ ಗೊತ್ತಿತ್ತು. ಆರೂ ಹತ್ತಕ್ಕೆ ಬಂಧನ ದಾಖಲಾಯಿತು.

ಉತ್ತರ ಮಾರನೆಯ ದಿನವೇ ಮಾಲೀಕನ ಬಾಯಿಂದ ಬಂತು. ಅವನು ಸಿಹಿಯ ಪೊಟ್ಟಣದೊಂದಿಗೆ ಠಾಣೆಗೆ ಬಂದಿದ್ದ. "ನೋಡಿದ್ರಾ ಮೇಡಂ, ಒಳಗಿನ ಕೈ! ನಮ್ಮ ಮಾಲು ಚಿನ್ನ." ಪೊಟ್ಟಣ ಅವನೊಂದಿಗೇ ವಾಪಸ್ಸಾಯಿತು. ಅದೇ ವಾರ ಇನ್ನೊಂದು ಪ್ಯಾನೆಲ್ಲಿನ ಮೇಲೆ ಮರಳು ಪೇರಿಸಲಾಯಿತು. ಅದು ಒಂದು ಗಂಟೆ ತಡೆಯಿತು, ಪಾಸಾಯಿತು. ಆ ಫೋಮಿನ ಪ್ಯಾನೆಲ್ ಹಾಕಬೇಡಿ ಎಂದು ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಪತ್ರ ಬರೆದಳು. ಆರೋಪಿಯ ಮಾತಲ್ಲದೆ ಬೇರೆ ಆಧಾರ ಏನಿದೆ ಎಂದು ಅವರು ತಿರುಗಿ ಬರೆದರು. ಮುಂದಿನ ತಿಂಗಳ ಮೊದಲ ಸೋಮವಾರದವರೆಗೆ ಕಾಯುತ್ತೇವೆ ಎಂದರು.

ಠಾಣೆಯಲ್ಲಿ ಜಪ್ತಿ ಮಾಡಿದ ಸಾಮಾನು ಇಡುವ ಮುದ್ದೆಮಾಲು ಕೋಣೆಯೂ ಶೀಟಿನ ಸೂರಿನದೇ. ಅಲ್ಲಿ ಎರಡು ಸ್ಟೂಲುಗಳ ಮೇಲೆ ಆ ಒಳ್ಳೆಯ ಪ್ಯಾನೆಲ್ಲನ್ನು ಮಲಗಿಸಲಾಯಿತು. ಪಂಚರ ಎದುರು ಅದರ ಮಗ್ಗುಲಿಗೆ ದಾರ ಕಟ್ಟಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿ, ಪ್ಯಾನೆಲ್ಲಿನ ಮೇಲೆ ಮರಳಿನ ಚೀಲ ಇಟ್ಟರು. ವಾರ್ಡಿನಲ್ಲಿ ಅಷ್ಟು ಜಾಗದ ಮೇಲೆ ಎಷ್ಟು ಭಾರ ಬರಬೇಕೆಂದು ನಕ್ಷೆ ಹೇಳುತ್ತಿತ್ತೋ ಅಷ್ಟೇ, ಒಂದು ಹಿಡಿ ಹೆಚ್ಚಿಲ್ಲ.

ಆಮೇಲಿನ ದಿನಗಳಲ್ಲಿ ಇನ್ಸ್‌ಪೆಕ್ಟರ್ ಯಾವ ಕೆಲಸಕ್ಕೆ ಎದ್ದರೂ ಕಾಲು ಆ ಕೋಣೆಯ ಕಡೆಗೇ ತಿರುಗುತ್ತಿತ್ತು. ನಾಣ್ಯದಿಂದ ತಟ್ಟುತ್ತಿದ್ದಳು. ಟಣ್ ಟಣ್. ಬಗ್ಗಿ ದಾರ ನೋಡುತ್ತಿದ್ದಳು. ಏನೂ ಇಲ್ಲ. "ಹಾಲು ಉಕ್ಕೋದನ್ನ ನೋಡ್ತಾ ನಿಂತ್ರೆ ಉಕ್ಕಲ್ಲ ಮೇಡಂ," ಎನ್ನುತ್ತಿದ್ದ ರೈಟರ್. ತಾನೂ ಅವಳಿಲ್ಲದಾಗ ಹೋಗಿ ಬಗ್ಗುತ್ತಿದ್ದ.

ಗಡುವಿನ ಹಿಂದಿನ ಶನಿವಾರ ಮಧ್ಯಾಹ್ನ, ತೂಕದಣ್ಣನ ಹೆಂಡತಿ ಠಾಣೆಗೆ ಬಂದಳು. ಗಂಡ ಊರುಗೋಲಿನ ಮೇಲೆ ಹಿಂದೆ ಇದ್ದ. ಬಲಗಾಲಿಗೆ ಚಪ್ಪಲಿ ಇರಲಿಲ್ಲ.

"ಕಂಪ್ಲೇಂಟ್ ವಾಪಸ್ ತಗೋಳ್ಳೋಣ ಅಂತಾರೆ ಇವರು," ಎಂದಳು. "ಪುಟ್ಟಕ್ಕ ಅಂತೆ, ಪಾಪ ಅಂತೆ. ಕಾಲು ಇವರದಿರಬಹುದು ಮೇಡಂ, ಕಂಪ್ಲೇಂಟು ನಂದು."

ಇನ್ಸ್‌ಪೆಕ್ಟರ್ ಇಬ್ಬರನ್ನೂ ಮುದ್ದೆಮಾಲು ಕೋಣೆಯ ಬಾಗಿಲಿಗೆ ಕರೆದೊಯ್ದಳು. ರೈಟರ್ ಆಗಲೇ ಒಳಗೆ ಮಂಡಿಯೂರಿದ್ದ. ಅವನು ತಲೆ ಎತ್ತಲಿಲ್ಲ.

"ಮೇಡಂ, ಬನ್ನಿ ಇಲ್ಲಿ."

ದಾರ ನೇರವಾಗಿತ್ತು, ಅರಗು ಹಾಗೆಯೇ ಇತ್ತು. ಪ್ಯಾನೆಲ್ಲಿನ ಹೊಟ್ಟೆ ದಾರವನ್ನು ದಾಟಿ ಕೆಳಗಿಳಿದಿತ್ತು. ಇನ್ಸ್‌ಪೆಕ್ಟರ್ ನಾಣ್ಯ ತೆಗೆದು ಈ ತುದಿಯಿಂದ ಆ ತುದಿಯವರೆಗೆ ತಟ್ಟಿದಳು. ಟಣ್ ಟಣ್ ಟಣ್. ಎಲ್ಲೂ ಟೊಳ್ಳಿಲ್ಲ.

"ಪಂಚರನ್ನ ಕರೆಸಿ," ಎಂದಳು. "ಸಮಯ ಬರ್ಕೊಳ್ಳಿ. ಆಸ್ಪತ್ರೆಯವರಿಗೆ ಈಗಲೇ ಫೋನ್ ಮಾಡಿ, ಅವರ ಎಂಜಿನಿಯರನ್ನೂ ಬರಹೇಳಿ."

ತೂಕದಣ್ಣ ಚೌಕಟ್ಟಿಗೆ ಒರಗಿ ನೋಡುತ್ತಿದ್ದ. ಜೀವಮಾನವೆಲ್ಲ ಚೀಲ ಪೇರಿಸಿ, ಗಂಟೆ ಹೊಡೆದ ಕೂಡಲೇ ಇಳಿಸಿದವನು ಅವನು. ಗಂಟೆಯ ಆಚೆ ಏನಾಗುತ್ತದೆ ಎಂದು ನೋಡಿದ್ದು ಇದೇ ಮೊದಲು.

ಹೆಂಡತಿ ಒಳಗೆ ಬಂದು ಬಗ್ಗಿದಳು. ದಾರಕ್ಕೂ ಪ್ಯಾನೆಲ್ಲಿನ ಹೊಟ್ಟೆಗೂ ಪಕ್ಕದಲ್ಲಿ, ತಾಗಿಸದೆ, ತನ್ನ ಬೆರಳನ್ನು ಅಡ್ಡ ಹಿಡಿದು ಅಳೆದಳು.

"ಇದರ ಮೇಲೇನಾ ಮಂಚ ಹಾಕೋಕಿದ್ದದ್ದು?"

"ಹೌದಮ್ಮ."

ಅವಳು ನಿಧಾನವಾಗಿ ಎದ್ದು, ಸೀರೆಯ ಸೆರಗಿನಿಂದ ಬೆರಳು ಒರೆಸಿಕೊಂಡಳು.

"ನನ್ನ ಕಂಪ್ಲೇಂಟು ಹಾಗೇ ಇರ್ಲಿ ಮೇಡಂ. ಅವಳು ಮಾಡಿದ್ದು ಮಾಡಿದ್ದೇ," ಎಂದಳು. "ಆದ್ರೆ ಅದರ ಪಕ್ಕದಲ್ಲೇ ಇದನ್ನೂ ಬರೀರಿ. ಒಂದನ್ನ ಓದಿದೋರು ಇನ್ನೊಂದನ್ನೂ ಓದ್ಲಿ."

ರೈಟರ್ ಪೆನ್ನು ತೆಗೆದ. ಇನ್ಸ್‌ಪೆಕ್ಟರ್ ಹತ್ತಿರದ ಟ್ರಂಕಿನ ಮೇಲೆ ಕೂತು ಹೇಳತೊಡಗಿದಳು, ಅವನು ಬರೆಯತೊಡಗಿದ.