ಹುಳ ತಿನ್ನದ ದೋಣಿ

"ಇದು ಬೇಡ ಬಿಡಿ, ಚೆನ್ನಾಗಿಲ್ಲ" ಎಂದಳು ಅವಳು.

ಅಂಗಡಿಗೆ ಬಂದವನು ಮಿರಮಿರ ಮಿಂಚುತ್ತಿದ್ದ ದೋಣಿಯ ಮೇಲಿಂದ ಕೈ ತೆಗೆಯಲಿಲ್ಲ. ಎರಡೂ ತುದಿ ಚೂಪಾಗಿ, ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲದ ಸಪೂರ ಮರದ ದೋಣಿ, ಕನೂ ಅನ್ನುವಂಥದ್ದು.

"ನೀವು ದೋಣಿ ಮಾರೋರೋ, ಬೇಡ ಅನ್ನಿಸಿ ಕಳಿಸೋರೋ?"

"ಎರಡೂ ನನ್ನ ಕೆಲಸವೇ."

ಅವಳು ಅಂಚುಪಟ್ಟಿಗೆ ಹೆಬ್ಬೆರಳಿನ ಉಗುರು ಒತ್ತಿದಳು. ವಾರ್ನಿಷ್ ಅಡಿಯ ಮರ ನೆನೆದ ಬಿಸ್ಕತ್ತಿನಂತೆ ಒಳಗೆ ಹೋಯಿತು. "ಹಿಂದಿನವರು ಮಳೆಗೆ ಬಿಟ್ಟು ಹಾಳು ಮಾಡಿ, ಮಾರೋ ಹೊತ್ತಿಗೆ ಬಣ್ಣ ಬಳಿದು ತಂದ್ರು. ನಾವು ಬಿಚ್ಚಿ ಬಿಡಿಭಾಗ ಉಪಯೋಗಿಸೋಕೆ ಅಂತ ಇಟ್ಕೊಂಡಿದ್ದೀವಿ."

ಅವನು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ. ಆಮೇಲೆ ದೋಣಿ ಬಿಟ್ಟು ಅವಳನ್ನು ನೋಡಿದ. ಆ ನೋಟ ಇರಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇತ್ತು. ಅವಳಿಗೆ ತನ್ನ ಕೆನ್ನೆಗೆ ಪುಟ್ಟಿ ಮೆತ್ತಿರುವುದು ಆಗಲೇ ನೆನಪಾಗಬೇಕೇ.

ಕೆರೆಯಂಚಿನ ಆ ಶೆಡ್ಡಿನಲ್ಲಿ ಹಳೆಯ ದೋಣಿ ಕೊಂಡು, ರಿಪೇರಿ ಮಾಡಿ ಮಾರುವುದು ಅವಳ ದೊಡ್ಡಪ್ಪನ ವ್ಯಾಪಾರ. ಅಪ್ಪ ಇಲ್ಲದ ಅವಳು ಬೆಳೆದದ್ದೂ ಆ ಮರದ ಹೊಟ್ಟಿನಲ್ಲೇ. ಅಲ್ಲಿ ಒಂದು ರೂಢಿಯಿತ್ತು. ಮಾರುವ ಮುಂಚೆ ದೋಣಿಯ ಪ್ರತಿಯೊಂದು ಕೊರತೆಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಕೊಳ್ಳುವವರು ಒಂದೊಂದರ ಮೇಲೂ ಬೆರಳಿಟ್ಟು "ಕಂಡಿತು" ಎನ್ನಬೇಕು. ಆಮೇಲೇ ವ್ಯಾಪಾರ.

"ಈ 'ಕಂಡಿತು' ನಮ್ಮ ಅಂಗಡಿ ಮಾತಲ್ವಾ" ಎಂದು ನಕ್ಕ ಅವನು. ಪೇಟೆಯಲ್ಲಿ ಅವನಿಗೆ ಕನ್ನಡಕದ ಅಂಗಡಿಯಿತ್ತು.

ಅವತ್ತು ಅವನು ಏನೂ ಕೊಳ್ಳಲಿಲ್ಲ. ಮುಂದಿನ ಭಾನುವಾರವೂ ಕೊಳ್ಳಲಿಲ್ಲ, ಆದರೆ ಬಂದ. ಕೆಲಸ ಕಲಿಯುತ್ತೇನೆ ಎಂದು ತೋಳು ಮಡಚಿದ. ಅವಳು ಕಲಿಸಿದಳು. ಮರದ ಯಾವ ಸದ್ದು ಗಟ್ಟಿ, ಯಾವುದು ಪೊಳ್ಳು. ನೀರು ಮೊದಲು ಅಂಚಿನೊಳಗೆ ಇಳಿದು, ಆಮೇಲೆ ದೋಣಿಯೊಳಗೆ ಬಾಗಿ ಕೂತ ಪಕ್ಕೆಲುಬುಗಳ ಬುಡವನ್ನು ಹೇಗೆ ಕೊಳೆಸುತ್ತದೆ. ಹುಳ ಬಿದ್ದ ಕಡೆ ಹಿಟ್ಟಿನಂಥ ಪುಡಿ ಹೇಗೆ ಉದುರುತ್ತದೆ. ಅವನು ತಲೆಯಾಡಿಸುತ್ತ ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ಈ ಕನ್ನಡಕದವನು ದೋಣಿ ನೋಡೋಕೆ ಬರ್ತಾನೋ, ದೋಣಿ ಪಕ್ಕ ಕೂತೋಳನ್ನ ನೋಡೋಕೋ?" ದೊಡ್ಡಪ್ಪ ಬೇಕೆಂದೇ ಗಟ್ಟಿಯಾಗಿ ಕೇಳಿದರು.

"ಎರಡೂ ನೋಡ್ತೀನಿ ಸರ್. ದೂರದ್ದಕ್ಕೊಂದು ಕನ್ನಡಕ, ಹತ್ತಿರದ್ದಕ್ಕೊಂದು."

ಅವಳು ನಗು ತಡೆಯಲಾರದೆ ವಾರ್ನಿಷ್ ಡಬ್ಬದತ್ತ ಮುಖ ತಿರುಗಿಸಿದಳು. ಯಾವಾಗ "ನೀವು" ಹೋಗಿ "ನೀನು" ಬಂತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಒಂದು ಸಂಜೆ ಕೆರೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಅವಳು ಹೇಳಿದಳು, "ಇಷ್ಟು ದೋಣಿ ನನ್ನ ಕೈ ದಾಟಿ ಹೋಗಿವೆ, ನನ್ನದು ಅಂತ ಒಂದೂ ಇಲ್ಲ. ಒಳ್ಳೇದು ಬಂದ್ರೆ ಮಾರ್ಲೇಬೇಕು. ಹೊಟ್ಟೆಪಾಡು."

ಆ ಮಾತು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮಳೆಗಾಲ ಮುಗಿಯುತ್ತಿದ್ದಂತೆ ಬಾಡಿಗೆ ವ್ಯಾನಿನ ಮೇಲೆ ಒಂದು ದೋಣಿ ಬಂತು. ಮೈಮೇಲೆಲ್ಲ ಧೂಳು, ಹೊರಗಿನ ಬಣ್ಣ ಮಂಕು. ಅವನು ಅದರ ಪಕ್ಕ ನಿಂತು ಕಳ್ಳನಗು ನಗುತ್ತಿದ್ದ.

"ನಿನಗೆ. ಮೊದಲು ಒರೆಸಿ ನೋಡು."

ಅವಳು ಒರೆಸಿದಳು. ಒಳಮೈ ಜೇನಿನ ಬಣ್ಣಕ್ಕೆ ತಿರುಗಿತ್ತು. ತಟ್ಟಿದ ಕಡೆಯೆಲ್ಲ ಗಟ್ಟಿ ಸದ್ದು. ಎಣ್ಣೆ ಕುಡಿದ ಮರದ ವಾಸನೆ ಮೂಗಿಗೆ ಬಡಿಯಿತು. ಸೀಮೆಸುಣ್ಣ ಹಿಡಿದು ಸುತ್ತು ಬಂದಳು; ಗೆರೆ ಎಳೆಯಲು ಒಂದು ಸಣ್ಣ ಗೀರು ಬಿಟ್ಟರೆ ಏನೂ ಸಿಗಲಿಲ್ಲ.

"ಇದನ್ನ ಯಾರೋ ಮಗು ಸಾಕಿದ ಹಾಗೆ ಸಾಕಿದ್ದಾರೆ ಕಣೋ" ಎನ್ನುವಾಗ ಅವಳ ಕಣ್ಣು ತುಂಬಿತ್ತು. "ಯಾರು?"

"ಶಾಲೆ ಹಿಂದಿನ ಬೀದೀಲಿ ಒಬ್ಬ ಅಜ್ಜಿ. ಗಂಡನದಂತೆ." ಅವನು ಹತ್ತಿರ ಬಂದ. "ಈಗ ದೊಡ್ಡಪ್ಪನ ಹತ್ರ ನಮ್ಮ ವಿಷಯ ಮಾತಾಡ್ಲಾ?"

"ಮಾತಾಡು" ಎಂದಳು. ಅಷ್ಟು ಸುಖ ಅವಳಿಗೆ ಅಭ್ಯಾಸವಿರಲಿಲ್ಲ.

ಮರುದಿನ ಬೆಳಗ್ಗೆ ಅವಳು ಆ ಮನೆ ಹುಡುಕಿಕೊಂಡು ಹೋದಳು. ಅಷ್ಟು ಚೆನ್ನಾಗಿ ನೋಡಿಕೊಂಡವರಿಗೆ ಒಂದು ಮಾತು ಹೇಳಬೇಕು ಅನ್ನಿಸಿತ್ತು. ಹಿತ್ತಿಲ ಕೊಟ್ಟಿಗೆಯಲ್ಲಿ ದೋಣಿಯಿಲ್ಲದೆ ಬರಿದಾದ ಎರಡು ಮರದ ಸ್ಟ್ಯಾಂಡ್, ಬಾಗಿಲ ಹೊರಗೆ ಕಸದ ಬುಟ್ಟಿ. ಬುಟ್ಟಿಯಲ್ಲಿ ಅರ್ಧ ತುಂಬಿದ ಅಗಸೆ ಎಣ್ಣೆಯ ಡಬ್ಬ, ಒಗೆದು ಮಡಿಸಿದ ಬಟ್ಟೆಗಳು.

"ಇನ್ಯಾಕಮ್ಮ ಅದೆಲ್ಲ" ಎಂದರು ಅಜ್ಜಿ. "ವರ್ಷಾ ವರ್ಷಾ ಒರೆಸಿ ಎಣ್ಣೆ ಹಾಕಿದ್ದು ದಂಡ ಆಯ್ತು. ಅಂಚಿನೊಳಗೆ ನೀರಿಳಿದು ಪಕ್ಕೆಲುಬಿನ ಬುಡ ಕೊಳೆತಿದೆ, ಹುಳ ಬಿದ್ದಿದೆ ಅಂದ ಆ ಹುಡುಗ. ನನಗೆ ಕಣ್ಣು ಮಂಜು, ಕಾಣಲಿಲ್ಲ. ಆದ್ರೂ ಒಯ್ದನಲ್ಲ, ಪುಣ್ಯಾತ್ಮ."

ಒಂದೊಂದು ಪದವೂ ಅವಳದೇ. ಅವಳೇ ಆ ಶೆಡ್ಡಿನಲ್ಲಿ ಕೂತು, ಪ್ರೀತಿಯಿಂದ ಅವನಿಗೆ ಕಲಿಸಿದ್ದು.

"ಇಲ್ಲ ಅಜ್ಜಿ, ದೋಣಿ ಕಲ್ಲಿನ ಹಾಗಿದೆ. ನಾನೇ ನೋಡಿದೀನಿ."

ಅಜ್ಜಿ ಅವಳ ಕೈ ಸವರಿದರು. "ನನ್ನ ಸಮಾಧಾನಕ್ಕೆ ಹೇಳ್ತೀಯಾ ತಾಯಿ. ಹೋಗೋವಾಗ ನಮ್ಮ ಯಜಮಾನ್ರು ಕೇಳಿದ್ದು ಒಂದೇ, ದೋಣಿ ನೋಡ್ಕೋ ಅಂತ. ನನ್ನ ಕೈಲಿ ಅದೂ ಆಗಲಿಲ್ಲ."

ಅಲ್ಲಿಂದ ಅವಳು ನೇರ ಪೇಟೆಗೆ ಬಂದಳು. ಅವನ ಅಂಗಡಿಯಲ್ಲಿ ಗೋಡೆ ತುಂಬ ಕನ್ನಡಕದ ಫ್ರೇಮುಗಳು, ಎದುರಿಗೆ ಕಣ್ಣು ಪರೀಕ್ಷೆಯ ಅಕ್ಷರದ ಬೋರ್ಡು. ಗಿರಾಕಿಗಳಿರಲಿಲ್ಲ. ಅವಳನ್ನು ಕಂಡು ಅವನ ಮುಖ ಅರಳಿತು, ಮರುಕ್ಷಣವೇ ಬಾಡಿತು.

"ಅಜ್ಜಿ ಮನೆಗೆ ಹೋಗಿದ್ಯಾ?"

"ಹುಳ ಬಿದ್ದಿದೆ ಅಂದ್ಯಂತೆ."

ಅವನು ಒಂದು ಫ್ರೇಮು ಎತ್ತಿಕೊಂಡು ಸುಮ್ಮನೆ ಒರೆಸತೊಡಗಿದ. "ಸೆಕೆಂಡ್ ಹ್ಯಾಂಡ್ ಕೊಳ್ಳೋವಾಗ ಎಲ್ಲರೂ ಒಂದೆರಡು ಮಾತು ಹೆಚ್ಚು ಕಮ್ಮಿ ಹೇಳ್ತಾರೆ ಕಣೇ. ಅವರು ಹೇಳಿದ ಬೆಲೆ ನನ್ನ ಕೈಗೆ ಎಟುಕ್ತಿರಲಿಲ್ಲ. ನಿನಗೆ ಕೊಡಲೇಬೇಕು ಅನ್ನೋ ಹಟ."

"ಬೆಲೆ ಹಾಳಾಗಲಿ. ಗಂಡನ ಮಾತು ಉಳಿಸಿಕೊಳ್ಳಲಿಲ್ಲ ಅಂತ ಆ ಜೀವ ಒಳಗೊಳಗೇ ಕೊರಗ್ತಿದೆ. ನಾನು ಹೇಳಿದ್ರೆ ನಂಬ್ತಿಲ್ಲ. ನಿನ್ನನ್ನ ನಂಬಿದ್ದಾರೆ."

ಅವನ ಕೈ ನಿಂತಿತು. ಅದು ಅವನಿಗೆ ಹೊಳೆದೇ ಇರಲಿಲ್ಲವೆಂಬುದು ಅವಳಿಗೆ ಕಂಡಿತು. ಹೊಳೆಯದಿದ್ದದ್ದೇ ಅವಳನ್ನು ಹೆಚ್ಚು ನೋಯಿಸಿತು. ಅವನು ಅಂಗಡಿಯ ಷಟರ್ ಎಳೆದು, ಶೆಡ್ಡಿನ ಕಡೆ ಹೊರಟ.

ಮಧ್ಯಾಹ್ನ ಅದೇ ವ್ಯಾನಿನಲ್ಲಿ ದೋಣಿ ಅಜ್ಜಿಯ ಮನೆಗೆ ವಾಪಸ್ ಹೋಯಿತು. ಅವನು ಏನು ಹೇಳಿದ, ಅಜ್ಜಿ ಏನು ಬೈದರು, ಅವಳಿಗೆ ಗೊತ್ತಿಲ್ಲ. ಬಿಸಿಲಿಳಿಯುವ ಹೊತ್ತಿಗೆ ಕೆರೆಯ ಮೇಲೆ ಆ ದೋಣಿ ತೇಲಿ ಬಂತು. ಮುಂದೆ ಸೆರಗು ಬಿಗಿದು ಕೂತ ಅಜ್ಜಿ, ಹಿಂದೆ ಹುಟ್ಟು ಹಾಕುತ್ತಿರುವ ಅವನು. ಅಜ್ಜಿ ಕೈಯಿಳಿಬಿಟ್ಟು ನೀರು ಮುಟ್ಟುತ್ತಿದ್ದರು. ಶೆಡ್ಡಿನ ಬಾಗಿಲಲ್ಲಿ ನಿಂತ ಅವಳಿಗೆ ಅವನ ಮೇಲೆ ಹಿಂದೆಂದಿಗಿಂತ ಹೆಚ್ಚು ಪ್ರೀತಿ ಬಂತು. ಅದಕ್ಕೇ ಅಳುವೂ ಬಂತು.

ಅಜ್ಜಿಯನ್ನು ಮನೆ ಮುಟ್ಟಿಸಿ ಅವನು ಬಂದಾಗ ಮೊಣಕಾಲವರೆಗೂ ಒದ್ದೆಯಾಗಿದ್ದ.

"ಎಲ್ಲಾ ಹೇಳ್ದೆ. ಬೈದ್ರು, ಅತ್ರು, ಆಮೇಲೆ ಒಂದು ಸುತ್ತು ಹೊಡೆಸು ಅಂದ್ರು. ಅಜ್ಜಿ ಕ್ಷಮಿಸಿದ್ರು ಕಣೇ." ಬಗ್ಗಿ ಒದ್ದೆ ಪ್ಯಾಂಟು ಹಿಂಡುತ್ತ ಕೇಳಿದ, "ನೀನು?"

"ಅಜ್ಜಿ ನಿಮ್ಮ ಜೊತೆ ಬಾಳಬೇಕಾಗಿಲ್ಲವಲ್ಲ."

ಆ "ನಿಮ್ಮ" ಕೇಳಿ ಅವನು ತಲೆ ಎತ್ತಿದ.

"ಇನ್ನೊಂದು ಸಲ ಸುಳ್ಳು ಹೇಳಲ್ಲ."

"ಹೇಳಲ್ಲ, ಗೊತ್ತು. ಆದ್ರೆ ಪ್ರತಿ ಸಲ ನನಗೆ ಅನುಮಾನ ಬರತ್ತೆ. ನಾಳೆ ನೀವು 'ಚೆಂದ ಕಾಣ್ತೀಯ' ಅಂದ್ರೂ, ಏನು ಬೇಕಾಗಿ ಹೇಳ್ತಿದ್ದೀರೋ ಅಂತ ಯೋಚಿಸ್ತೀನಿ. ಹಾಗೆ ಬದುಕೋಕೆ ನನಗೂ ಆಗಲ್ಲ, ನಿಮಗೂ ಚೆನ್ನಾಗಿರಲ್ಲ."

"ಪ್ರೀತಿ ಹೋಗಿಬಿಡ್ತಾ?"

"ಹೋಗಿದ್ರೆ ಸುಲಭ ಇತ್ತು."

ಅವನು ಅವಳ ಕೆನ್ನೆಯ ಹತ್ತಿರ ಕೈ ತಂದು, ಮುಟ್ಟದೆ ಇಳಿಸಿದ. ಹೊರಟ. ಕೆರೆ ಏರಿಯ ದಾರಿ ಉದ್ದ. ಅವನು ಬಹಳ ಹೊತ್ತು ಕಾಣುತ್ತಲೇ ಇದ್ದ.

ಒಳಗಿಂದ ದೊಡ್ಡಪ್ಪ ಬಂದು ಪಕ್ಕ ನಿಂತರು. "ಕರೀಲಾ ಅವನನ್ನ?"

"ಕರೆದ್ರೆ ಬರ್ತಾರೆ ದೊಡ್ಡಪ್ಪ" ಎಂದಳು. "ಬಂದ್ರೆ ಮತ್ತೆ ಕಳಿಸೋಕೆ ನನ್ನಿಂದ ಆಗಲ್ಲ. ಅದಕ್ಕೇ ಬೇಡ."