ಪಡಸಾಲೆಯ ಐಬು

"ಅಲ್ಲಿ ಕುಂದರಬ್ಯಾಡ್ರಿ!"

ದೇವಕ್ಕ ಕೂಗಿದ ರಭಸಕ್ಕೆ ನಿಜಗುಣಪ್ಪ ಬೆಂಕಿ ತುಳಿದವನಂತೆ ಹಿಂದೆ ಸರಿದ. ಸವದತ್ತಿಯಿಂದ ಬೈಲಹೊಂಗಲಕ್ಕೆ ಮನೆ ಕೊಳ್ಳಲು ಬಂದವನು, ಪಡಸಾಲೆಯ ನಡುವಿನ ತಣ್ಣನೆಯ ಫರಸಿಕಲ್ಲಿನ ಮೇಲೆ ಒಂದಿಷ್ಟು ಕೂರೋಣವೆಂದಿದ್ದ, ಅಷ್ಟೇ.

"ಯಾಕ್ರಿ, ಇದೇನು ದೇವರ ಜಾಗಾ ಏನ್ರಿ?"

"ಅಲ್ರಿ... ಗೋಡಿ ಬಾಜೂ ಗಾಳಿ ಚಲೋ ಬರತೈತಿ."

ಅಯ್ಯ ಶಿವನೇ, ಎಂಥ ಸುಳ್ಳು! ಆ ಗೋಡೆಗೆ ಕಿಟಕಿಯೇ ಇರಲಿಲ್ಲ. ಅವನು ಗೋಡೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಮೀಸೆಯೊಳಗೇ ನಕ್ಕ. ದೇವಕ್ಕ ಸೆರಗಿನ ತುದಿ ಕಚ್ಚಿಕೊಂಡು ಒಳಗೆ ಓಡಿದಳು.

ಆ ಫರಸಿಯ ಕೆಳಗೆ ಹಗೇವಿತ್ತು. ಅಜ್ಜನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ, ಆಳು ಮುಳುಗುವಷ್ಟು ಆಳದ ಗುಂಡಿ. ನೀರು ಜಿನುಗಿ ಜೋಳ ಕೆಟ್ಟ ಮೇಲೆ ಅಪ್ಪ ಅಂದಾನೆಪ್ಪ ಅದಕ್ಕೆ ಹೊಟ್ಟು, ಕಸ ತುಂಬಿ ಮೇಲೆ ಫರಸಿ ಹಾಸಿಬಿಟ್ಟಿದ್ದ. ಪ್ರತಿ ಮಳೆಗಾಲಕ್ಕೆ ನೆಲ ಕುಸಿಯುತ್ತಿತ್ತು, ಅಪ್ಪ ಗಾರೆ ಮೆತ್ತುತ್ತಿದ್ದ. ಈ ಮನೆ ಮಾರಿ ರಾಮದುರ್ಗದಲ್ಲಿ ಅರಿವೆ ಅಂಗಡಿ ಹಾಕುವ ಆಸೆ ಅವನಿಗೆ. "ಹಗೇವಿನ ಸುದ್ದಿ ಬಾಯಿಬಿಟ್ಟಿ ಅಂದ್ರ ನೋಡು ಮತ್ತ!" ಎಂದು ಮಗಳಿಗೆ ತಾಕೀತು ಮಾಡಿದ್ದ.

ನಿಜಗುಣಪ್ಪ ಮತ್ತೆ ಬಂದ. ಮರುವಾರ ಮತ್ತೆ ಬಂದ.

"ಎಷ್ಟು ಸಲ ನೋಡತೀರಿ? ಮನಿ ಏನು ಓಡಿ ಹೋಗೂದಿಲ್ಲ," ಎಂದಳು ದೇವಕ್ಕ.

"ಮನಿ ಓಡೂದಿಲ್ರಿ. ನನ್ನ ಕಂಡ ಕೂಡಲೆ ಓಡಾವ್ರು ಬ್ಯಾರೆ ಅದಾರ್ರಿ."

ಅವಳ ಕೆನ್ನೆ ಬಿಸಿಯಾಯಿತು. ಅವನು ಹಿಗ್ಗಿನಿಂದ ನಡುವಿನ ಫರಸಿಯನ್ನು ಹಿಮ್ಮಡಿಯಿಂದ ಕುಟ್ಟಿದ. "ಇಲ್ಲೇ ನೋಡ್ರಿ, ಹಿಟ್ಟಿನ ಗಿರಣಿ ಇಂಜಿನ್ ಕುಂಡ್ರಸೂದು. ದಿನಾ ಇದರ ಬಾಜೂಕ ನಿಂತು ಬೀಸತೇನಿ."

ದೇವಕ್ಕನ ನಗು ಅಲ್ಲೇ ಒಣಗಿತು. ಇಂಜಿನ್ನಿನ ಭಾರಕ್ಕೆ ಹಗೇವು ಬಾಯಿ ತೆರೆದರೆ ಈ ಮನುಷ್ಯ ಅದರೊಳಗೆ! ಹೇಳಿದರೋ, ಮನೆಯೇ ಬೇಡ ಎಂದು ಎದ್ದುಹೋಗುತ್ತಾನೆ, ಮತ್ತೆ ಇತ್ತ ಸುಳಿಯುವುದಿಲ್ಲ. ಅವನು ಬೇಕಾಗಿದ್ದ ಅವಳಿಗೆ. ಮುಚ್ಚುಮರೆ ಯಾಕೆ, ಮನಸ್ಸು ತುಂಬ ಬೇಕಾಗಿದ್ದ.

ಕರಾರು ಬರೆಯುವ ದಿನ ಬಂತು. ಪಡಸಾಲೆಯಲ್ಲಿ ಕೂತ ವಕೀಲರು ಅಡಿಕೆ ಅಗಿಯುತ್ತ ಕೇಳಿದರು: "ಅಂದಾನೆಪ್ಪ, ಕೊಳ್ಳಾವ್ರ ಕಣ್ಣಿಗೆ ಕಾಣದಂಥಾ ಐಬು ಏನರ ಐತೇನ್ರಿ? ಗೊತ್ತಿದ್ದೂ ಮುಚ್ಚಿಟ್ರ ಕಾನೂನು ಬಿಡೂದಿಲ್ಲ."

"ಏನೂ ಇಲ್ರಿ. ಗಟ್ಟಿಮುಟ್ಟ ಮನಿ."

"ಐತ್ರಿ!"

ಚಹಾದ ತಾಟು ಕೆಳಗಿಟ್ಟ ದೇವಕ್ಕ ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡವಳೇ ನಡುವಿನ ಫರಸಿಗೆ ಬಲವಾಗಿ ಕುಟ್ಟಿದಳು. ಕಲ್ಲು ಎರಡು ಹೋಳಾಗಿ ಕತ್ತಲೊಳಗೆ ಬಿತ್ತು. ಹುಳಿತ ಹೊಟ್ಟಿನ ನಾತ ಪಡಸಾಲೆಗೆಲ್ಲ ಹರಡಿತು.

"ನಿನ್ನ ಬಾಯಾಗ ಮಣ್ಣ ಹಾಕ! ಮನಿ ಹಾಳ ಮಾಡಿದೆಲ್ಲ!" ಅಂದಾನೆಪ್ಪ ಮೇಲೆದ್ದ.

"ಮನಿ ಮಾರ್ರಿ ಯಪ್ಪಾ, ಆದ್ರ ಇವ್ರ ಜೀವಾ ಕುಣಿಯೊಳಗ ಹಾಕಿ ಮಾರಬ್ಯಾಡ್ರಿ." ಅವಳ ಕಣ್ಣು ಕೆಳಗಿಳಿಯಲಿಲ್ಲ.

"ಕುಂದರ್ರಿ ಅಂದಾನೆಪ್ಪ," ಎಂದರು ವಕೀಲರು. "ಇವತ್ತ ನಿಮ್ಮ ಮಗಳು ನಿಮ್ಮನ್ನ ಕೋರ್ಟಿನ ಮೆಟ್ಟಿಲಿಂದ ಉಳಿಸ್ಯಾಳ."

ನಿಜಗುಣಪ್ಪ ಗುಂಡಿಯೊಳಗೆ ಇಣುಕಿ ನೋಡಿ, ಹಣೆಯ ಬೆವರು ಒರೆಸಿಕೊಂಡ. ಹೋದ, ಇನ್ನು ಎದ್ದು ಹೋದ ಎಂದುಕೊಂಡಳು ದೇವಕ್ಕ.

"ಕಲ್ಲು, ಗರಸು ತುಂಬಿಸಿ ಕೊಡ್ರಿ, ಮನಿ ನಾ ತುಗೋತೇನಿ. ಇಂಜಿನ್ ಹಿತ್ತಲದಾಗ ಇಡತೇನಿ," ಎಂದ ನಿಜಗುಣಪ್ಪ. ಆಮೇಲೆ ಗಂಟಲು ಸರಿಮಾಡಿಕೊಂಡ. "ನನ್ನೊಳಗೂ ಐಬು ಅದಾವ್ರಿ. ಗೊರಕಿ ಹೊಡೀತೇನಿ. ಸಿಟ್ಟು ಬಂದ್ರ ಊಟ ಬಿಡತೇನಿ. ಮತ್ತ ಇಷ್ಟು ಸಲ ಬಂದ್ರೂ ಮನಿ ಮಾತ್ರ ನೋಡಿಲ್ರಿ. ನಿಮ್ಮ ಮಗಳನ್ನ ನೋಡಾಕ ಬಂದೇನಿ."

ಅಂದಾನೆಪ್ಪ ಬೆಪ್ಪಾಗಿ ವಕೀಲರತ್ತ ತಿರುಗಿದ. "ಹಂಗಾರ ಈಕಿ ಐಬೂ ನಾನ ಹೇಳಬೇಕೇನ್ರಿ?"

"ನನ್ನದು ನಾನ ಹೇಳತೇನಿ ಯಪ್ಪಾ," ಎಂದಳು ದೇವಕ್ಕ. "ಖರೇ ಮಾತು ಹೊಟ್ಟ್ಯಾಗ ಇಟ್ಟುಕೊಳ್ಳಾಕ ಬರೂದಿಲ್ಲ ನನಗ. ಈಗೂ ಬರವಲ್ದು. ಇವ್ರು ನನ್ನ ಮನಸಿಗೆ ಬಂದಾರ."

ವಕೀಲರು ಅಡಿಕೆಯನ್ನು ಹಾಗೇ ನುಂಗಿಬಿಟ್ಟರು. ಅಂದಾನೆಪ್ಪ ಸಿಟ್ಟು ಮಾಡಲು ಹೋಗಿ ನಕ್ಕೇಬಿಟ್ಟ. ನಿಜಗುಣಪ್ಪ ಎದ್ದು ಬಂದು, ಎಲ್ಲರೆದುರೇ ಅವಳ ಕೈಯಿಂದ ಹಾರೆ ಇಸಿದುಕೊಂಡ. ಕೈಯನ್ನು ಮಾತ್ರ ಬಿಡಲಿಲ್ಲ.