ಕಡಿಮೆ ಕ್ಯಾನ್ಸರಿನ ಊರು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹೊಲಿಗೆ ಕಾರ್ಖಾನೆಯ ಹೆಂಗಸೊಬ್ಬಳು ನಾದಿನಿಯ ಹೆಗಲು ಹಿಡಿದುಕೊಂಡು ಠಾಣೆಗೆ ಬಂದಳು. ಕೆಲವು ವರ್ಷಗಳ ಹಿಂದೆ, ಮೂವತ್ತು ದಾಟುವ ಮೊದಲೇ, ನರ್ಸಿಂಗ್ ಹೋಮಿನ ಡಾಕ್ಟರ್ ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ ಅವಳ ಗರ್ಭಕೋಶ ತೆಗೆದಿದ್ದ. ಇನ್ನು ಯಾವ ಪರೀಕ್ಷೆಯೂ ಬೇಡ, ನೆಮ್ಮದಿಯಾಗಿರು ಎಂದಿದ್ದ.

“ತೆಗೆದುಬಿಟ್ಟ ಮೇಲೆ ಅದಕ್ಕೇ ಕ್ಯಾನ್ಸರ್ ಹೇಗೆ ಬಂತು ಮೇಡಂ?”

ದೊಡ್ಡಾಸ್ಪತ್ರೆಯವರು ಕಾರಣ ಹೇಳಿದ್ದರು. ಡಾಕ್ಟರ್ ಮೇಲಿನ ಭಾಗವನ್ನಷ್ಟೇ ಕತ್ತರಿಸಿ, ಗರ್ಭಕೋಶದ ಕೆಳತುದಿಯ ಕೊರಳನ್ನು ಒಳಗೇ ಬಿಟ್ಟಿದ್ದ. ರೋಗ ಅಲ್ಲಿತ್ತು, ಸಿಕ್ಕಿದ್ದು ತಡವಾಗಿ. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದಳು.

ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಹೇಳಿಕೆ ಪಡೆದಳು. ಒಂದು ಸಾಲಿನ ಮಿಷನ್ನುಗಳ ಮುಂದೆ ಕೂತವರಲ್ಲಿ ಅರ್ಧಕ್ಕರ್ಧ ಹೆಂಗಸರು ಅದೇ ಡಾಕ್ಟರ ಆಪರೇಷನ್ ಮೇಜಿನ ಮೇಲೆ ಮಲಗಿ ಎದ್ದವರು. ಡಾಕ್ಟರ್ ಆಡಿದ ಮಾತೂ ಎಲ್ಲರ ಬಾಯಲ್ಲಿ ಒಂದೇ: ಮಕ್ಕಳಾದ ಮೇಲೆ ಅದು ಖಾಲಿ ಚೀಲ. ಪರೀಕ್ಷೆಗೆ ಒಬ್ಬಳೂ ಹೋಗಿರಲಿಲ್ಲ.

ನರ್ಸಿಂಗ್ ಹೋಮಿಗೆ ಹೋಗಿ ವಿಚಾರಿಸಿದಾಗ ಡಾಕ್ಟರ್ ತಬ್ಬಿಬ್ಬಾಗಲಿಲ್ಲ. ಗೋಡೆಯ ಮೇಲಿನ ಫಲಕ ತೋರಿಸಿದ. ಲಕ್ಷ ಹೆಂಗಸರಿಗೆ ಇಷ್ಟು ಮಂದಿ ಎಂದು ಎಣಿಸಿದರೆ, ಗರ್ಭಕೋಶದ ಕ್ಯಾನ್ಸರ್ ಇಡೀ ಜಿಲ್ಲೆಯಲ್ಲಿ ಈ ಊರಿನಲ್ಲೇ ಅತಿ ಕಡಿಮೆ. ಆರೋಗ್ಯ ಇಲಾಖೆಯವರು ವೇದಿಕೆಗೆ ಕರೆದು ಕೊಟ್ಟ ಫಲಕ ಅದು. ಇನ್‌ಸ್ಪೆಕ್ಟರ್ ಫಲಕದ ಮಾತನ್ನು ಬರೆದುಕೊಂಡು ಹೊರಬಂದಳು.

ಜೀಪಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಮೀಸೆಯೊಳಗೇ ನಕ್ಕ. “ಗಾಡಿಗಳೇ ಇಲ್ಲದ ಬೀದೀಲಿ ಗಾಡಿ ಕಳ್ಳತನ ಕಮ್ಮಿ ಅಂತ ನಾವೂ ಒಂದು ಫಲಕ ಇಸ್ಕೋಬಹುದಿತ್ತಲ್ಲ ಮೇಡಂ.”

ಅವಳು ಜೀಪು ತಿರುಗಿಸಲು ಹೇಳಿದಳು.

“ಆ ಲಕ್ಷದಲ್ಲಿ ಗರ್ಭಕೋಶ ಇರೋರು ಎಷ್ಟು ಜನ ಡಾಕ್ಟ್ರೇ?”

“ಹಾಗೆಲ್ಲ ಬಿಡಿಸಿ ಎಣಿಸೋ ಪದ್ಧತಿ ಇಲ್ಲ.”

“ಕೊರಳು ಯಾಕೆ ಬಿಟ್ರಿ?”

“ಹಾಗೆ ಮಾಡಿದ್ರೆ ಆಪರೇಷನ್ ಬೇಗ ಮುಗಿಯುತ್ತೆ.”

ಮುಗಿದದ್ದು ಯಾವುದು? ಗರ್ಭಕೋಶ ಇಲ್ಲದವರನ್ನೂ ಇದ್ದವರೊಂದಿಗೆ ಸೇರಿಸಿ ಭಾಗಿಸಿದ್ದರಿಂದ ಸಂಖ್ಯೆ ಇಳಿದಿತ್ತು. ಕೊರಳು ಉಳಿದವರನ್ನು ಯಾರೂ ಪರೀಕ್ಷಿಸದೆ, ರೋಗ ಪತ್ತೆಯಾಗದೆ ಇನ್ನಷ್ಟು ಇಳಿದಿತ್ತು. ಊರೆಲ್ಲ ಚಪ್ಪಾಳೆ ತಟ್ಟಿತ್ತು!

ಶಸ್ತ್ರಚಿಕಿತ್ಸಾ ಕೋಣೆಯ ಪಂಚನಾಮೆ ನಡೆಯಿತು. ಕಾನ್‌ಸ್ಟೇಬಲ್‌ಗಳು ಮನೆಮನೆಗೆ ಹೋಗಿ ಹೆಂಗಸರನ್ನು ದೊಡ್ಡಾಸ್ಪತ್ರೆಗೆ ಕರೆತಂದರು. ಇನ್ನೂ ಮೂವರಲ್ಲಿ ರೋಗ ಕಂಡಿತು. ಇಬ್ಬರಿಗೆ ಕಾಲ ಮಿಂಚಿರಲಿಲ್ಲ. ಮೂರನೆಯವಳಿಗೂ ದೂರು ಕೊಟ್ಟವಳಿಗೂ ಮಿಂಚಿತ್ತು. ಕೆಲವು ವಾರಗಳ ಬಳಿಕ, ಪ್ರಕರಣ ಪರಿಶೀಲಿಸಿದ ತಜ್ಞ ವೈದ್ಯರ ಸಮಿತಿಯ ವರದಿ ಬಂದ ದಿನವೇ ಡಾಕ್ಟರನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಆತ ಮೆತ್ತಗೆ ಮಾತಾಡಿದ. ವೃತ್ತಿಗಿಳಿದ ಹೊಸತರಲ್ಲಿ ಒಬ್ಬ ಬಾಣಂತಿ ಈ ರೋಗದಿಂದಲೇ ಕಣ್ಣೆದುರು ನರಳಿ ಸತ್ತಿದ್ದಳಂತೆ. ಮೊದಮೊದಲು ಭಯದಿಂದ ತೆಗೆದ. ಸಂಖ್ಯೆ ಇಳಿದು ಹೊಗಳಿಕೆ ಬಂದ ಮೇಲೆ, ಅದು ಮತ್ತೆ ಏರಿದರೆ ಮುಖ ತೋರಿಸುವುದು ಹೇಗೆಂದು ತೆಗೆದ.

“ತೆಗೆಯೋಕೆ ಮುಂಚೆ ಒಂದ್ಸಲ ಕೇಳಬಹುದಿತ್ತಲ್ಲ?” ಎಂದಳು ಇನ್‌ಸ್ಪೆಕ್ಟರ್.

ಡಾಕ್ಟರ್ ತಲೆಯೆತ್ತಿ ನೋಡಿದ. ಪ್ರಶ್ನೆ ನಿಜಕ್ಕೂ ಅರ್ಥವಾದಂತಿರಲಿಲ್ಲ.

“ಯಾರನ್ನ?” ಎಂದ.